ಬೆಕ್ಕಿನ ಮೈಯಲ್ಲಿ ಒಂದು ಪ್ಯಾಕೆಟ್ ಮಜ್ಜಿಗೆಯಷ್ಟೇ ರಕ್ತ

ನಮ್ಮ ಕ್ಲಿನಿಕ್ ಮಂಗಳೂರಿನಲ್ಲಿದೆ. ಆಪರೇಷನ್ ಕೋಣೆಯ ಗೋಡೆಗೆ ಒಂದು ಬಿಳಿ ಬೋರ್ಡ್ ತೂಗುಹಾಕಿದ್ದೇವೆ. ಬೆಕ್ಕನ್ನು ಟೇಬಲ್ ಮೇಲೆ ಮಲಗಿಸುವ ಮೊದಲು ಅದರಲ್ಲಿ ನಾಲ್ಕು ಸಂಖ್ಯೆ ಬರೆಯುತ್ತೇವೆ. ಬೆಕ್ಕಿನ ತೂಕ, ಮೈಯಲ್ಲಿರುವ ಒಟ್ಟು ರಕ್ತ, ಅದರ 10%, ಅದರ 20%. ಇಷ್ಟು ಬರೆಯದೆ ನಾನು ಬ್ಲೇಡ್ ಕೈಗೆ ತೆಗೆದುಕೊಳ್ಳುವುದಿಲ್ಲ. ವೃತ್ತಿಗೆ ಬಂದ ಹೊಸದರಲ್ಲಿ ಈ ಅಭ್ಯಾಸ ಇರಲಿಲ್ಲ. ಒಂದು ಬೆಕ್ಕು ನನ್ನ ಕೈಯಲ್ಲೇ ಸತ್ತ ಮೇಲೆ ಬಂತು.

ಆಗ ನಾನು ಬೇರೆ ಕಡೆ ಕೆಲಸ ಮಾಡುತ್ತಿದ್ದೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ಗರ್ಭಕೋಶದಲ್ಲಿ ಕೀವು ತುಂಬಿಕೊಂಡಿದ್ದ 3.2 ಕಿಲೋ ತೂಕದ ಹೆಣ್ಣು ಬೆಕ್ಕು. ಮನೆಯವರು ಅದಕ್ಕೆ ಬೇರೆ ಹೆಸರು ಇಟ್ಟಿರಲಿಲ್ಲ. ತುಳುವಿನಲ್ಲಿ ಬೆಕ್ಕಿಗೆ ಏನನ್ನುತ್ತಾರೋ ಅದನ್ನೇ, ಪುಚ್ಚೆ ಅಂತಲೇ ಕರೆಯುತ್ತಿದ್ದರು. ಆಪರೇಷನ್ ನಡುವೆ ರಕ್ತನಾಳಕ್ಕೆ ಹಾಕಿದ್ದ ಒಂದು ಕಟ್ಟು ಜಾರಿತು. ರಕ್ತ ಚಿಮ್ಮಿತು. ಒತ್ತಿ ಹಿಡಿದೆ, ಹುಡುಕಿ ಮತ್ತೆ ಕಟ್ಟಿದೆ. ರಕ್ತ ಹೀರಲು ಒತ್ತುವ ಗಾಜ್ ಬಟ್ಟೆಗಳು ಒಂದೊಂದಾಗಿ ಬಕೆಟ್‌ಗೆ ಬಿದ್ದವು. ಯಾರೂ ಎಣಿಸಲಿಲ್ಲ. ಮಾನಿಟರ್‌ನಲ್ಲಿ ಹೃದಯದ ಬಡಿತ 140 ಇತ್ತು. ಬಡಿತ ಚೆನ್ನಾಗಿದೆ ಅಂದೆ. ಸ್ವಲ್ಪ ಹೊತ್ತಿಗೆ 110 ಆಯಿತು. ನಿದ್ದೆ ಚೆನ್ನಾಗಿ ಹಿಡಿದಿದೆ ಅಂದುಕೊಂಡೆ. ಹೊಲಿಗೆ ಹಾಕುವಾಗ 80. ಆಮೇಲೆ ನಿಂತೇಹೋಯಿತು.

ಅವತ್ತು ರಾತ್ರಿ ಬಕೆಟ್‌ನಲ್ಲಿದ್ದ ಗಾಜ್‌ಗಳನ್ನು ಹೊರಗೆ ತೆಗೆದು ಸಾಲಾಗಿ ಇಟ್ಟು ನೋಡಿದೆ. ಪೂರ್ತಿ ನೆನೆದದ್ದು 6 ಇತ್ತು. ಅಂಥದ್ದೇ ಒಂದು ಹೊಸ ಗಾಜ್‌ಗೆ ಸಿರಿಂಜ್‌ನಿಂದ ನೀರು ಹಾಕುತ್ತಾ ಹೋದೆ. ತೊಟ್ಟಿಕ್ಕಲು ಶುರುವಾಗುವಷ್ಟರಲ್ಲಿ 12 ಎಂಎಲ್ ಕುಡಿದಿತ್ತು. ಆರಕ್ಕೆ 72 ಎಂಎಲ್. ಮೈಮೇಲೆ ಹೊದಿಸಿದ್ದ ಡ್ರೇಪ್ ಬಟ್ಟೆಯಲ್ಲಿ ಹೀರಿಕೊಂಡದ್ದು ಬೇರೆ. ಆ ಬೆಕ್ಕಿನ ಮೈಯಲ್ಲಿ ಇದ್ದದ್ದೇ ಹೆಚ್ಚೆಂದರೆ 190 ಎಂಎಲ್. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ರಕ್ತ ಹೋಗಿತ್ತು. ನಾನು ಮಾತ್ರ ಸ್ವಲ್ಪ ರಕ್ತ ಹೋಯಿತು ಅಂದುಕೊಂಡು ಹೊಲಿಗೆ ಹಾಕುತ್ತಿದ್ದೆ.

ಬೆಕ್ಕಿಗೆ ಕಿಲೋಗೆ ಸುಮಾರು 60 ಎಂಎಲ್ ರಕ್ತ ಇರುತ್ತದೆ. ನಾಯಿಗೆ 80ರಿಂದ 90. ಮೂರೂವರೆ ಕಿಲೋದ ಬೆಕ್ಕು ಅಂದರೆ ಸುಮಾರು 200 ಎಂಎಲ್. ಬೇಸಗೆಯಲ್ಲಿ ಕತ್ತರಿಸಿ ಕುಡಿಯುವ ಒಂದು ಮಜ್ಜಿಗೆ ಪ್ಯಾಕೆಟ್‌ನಷ್ಟು. ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಹೇಳುವಾಗ ನಾನು ಆ ಪ್ಯಾಕೆಟನ್ನೇ ಕೈಗೆ ಕೊಡುತ್ತೇನೆ. ನಾಲ್ಕು ಚಮಚ ಚೆಲ್ಲಿದರೆ 20 ಎಂಎಲ್. ಅಲ್ಲಿಗೆ 10% ಮುಗಿಯಿತು. ದೊಡ್ಡ ನಾಯಿಯಲ್ಲಿ ಲೆಕ್ಕಕ್ಕೇ ಇಲ್ಲದ ರಕ್ತ ಬೆಕ್ಕಿನಲ್ಲಿ ಪ್ರಾಣದ ಪ್ರಶ್ನೆ. ಇನ್ನೊಂದು ವಿಷಯ. ಬೊಜ್ಜಿನ ಬೆಕ್ಕಿಗೆ ತಕ್ಕಡಿಯ ತೂಕವನ್ನು ಹಾಗೇ ಇಟ್ಟು ಲೆಕ್ಕ ಮಾಡಬಾರದು. ಕೊಬ್ಬಿನಲ್ಲಿ ರಕ್ತ ಕಡಿಮೆ. ಆರು ಕಿಲೋದ ದಪ್ಪ ಬೆಕ್ಕು ಸರಿಯಾಗಿದ್ದಿದ್ದರೆ ಎಷ್ಟು ತೂಗುತ್ತಿತ್ತೋ ಅದನ್ನು ಅಂದಾಜು ಮಾಡಿ ಬರೆಯುತ್ತೇನೆ.

ನಾನು ತಪ್ಪಿದ ಎರಡನೇ ಜಾಗ ಬಡಿತ. ರಕ್ತ ಹೋದರೆ ಹೃದಯ ಜೋರಾಗಿ ಓಡುತ್ತದೆ ಅಂತ ಎಲ್ಲರೂ ಓದಿರುತ್ತೇವೆ, ಅಲ್ವಾ? ನಾಯಿಯಲ್ಲಿ ಸಾಮಾನ್ಯವಾಗಿ ಹಾಗೇ ಆಗುತ್ತದೆ. ಬೆಕ್ಕಿನಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ. ಶಾಕ್‌ಗೆ, ಅಂದರೆ ಮೈಗೆ ರಕ್ತ ಸಾಲದೆ ಕುಸಿಯುವ ಸ್ಥಿತಿಗೆ ಹೋಗುವ ಬೆಕ್ಕಿನಲ್ಲಿ ಬಡಿತ ನಿಧಾನ, ಮೈ ತಣ್ಣಗೆ, ಬಿಪಿ ಕೆಳಗೆ, ಈ ಮೂರೂ ಒಟ್ಟಿಗೆ ಬರುವುದು ಜಾಸ್ತಿ. ಅರಿವಳಿಕೆಯಲ್ಲಿ ಇನ್ನೂ ಗೊಂದಲ. ಮಂಪರಿನ ಔಷಧಿ ಡೆಕ್ಸ್‌ಮೆಡೆಟೊಮಿಡಿನ್ ಕೊಟ್ಟಿದ್ದರೆ ಬಡಿತ ಮೊದಲೇ ಇಳಿದಿರುತ್ತದೆ, ಒಸಡೂ ಬಿಳಿಚಿಕೊಂಡಿರುತ್ತದೆ. ಅರಿವಳಿಕೆ ಔಷಧಿ ಕೆಟಮಿನ್ ಕೊಟ್ಟಿದ್ದರೆ ಬಡಿತ ಏರಿರುತ್ತದೆ. ಒಸಡು ಒತ್ತಿ ಬಿಟ್ಟು ಬಣ್ಣ ಎಷ್ಟು ಬೇಗ ಮರಳುತ್ತದೆ ಅಂತ ನೋಡುವುದೂ ಅಷ್ಟೇ. ಆಗಷ್ಟೇ ಸತ್ತ ಪ್ರಾಣಿಯಲ್ಲೂ ಬಣ್ಣ ಮರಳಬಹುದು. ಅದೊಂದನ್ನೇ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು.

ಪುಚ್ಚೆ ಸತ್ತ ಮೇಲೆ ನನಗೆ ನನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು. ಎಷ್ಟು ತಪ್ಪುತ್ತದೆ ಅಂತ ಒಮ್ಮೆ ನೋಡಿಯೇಬಿಡೋಣ ಅನ್ನಿಸಿತು. ಒಂದು ಭಾನುವಾರ ಮನೆಯಿಂದ ಪುನರ್ಪುಳಿ ಜ್ಯೂಸ್ ತಂದೆ. ಗಟ್ಟಿ ಮಾಡಿದರೆ ಬಣ್ಣ ಹೆಚ್ಚು ಕಡಿಮೆ ರಕ್ತದ್ದೇ. ಸಿರಿಂಜ್‌ನಲ್ಲಿ ಅಳೆದು 5, 10, 20, 40 ಎಂಎಲ್ ಅಂತ ಬೇರೆ ಬೇರೆ ಕಡೆ ಸುರಿದೆ. ಕೆಲವು ಹಸಿರು ಡ್ರೇಪ್ ಮೇಲೆ, ಕೆಲವು ಒಣ ಗಾಜ್‌ಗೆ, ಕೆಲವು ಒದ್ದೆ ಗಾಜ್‌ಗೆ, ಒಂದು ಟೈಲ್ಸ್ ನೆಲಕ್ಕೆ. ಸಹಾಯಕರನ್ನು ಕರೆದು ಎಷ್ಟಿರಬಹುದು ಹೇಳಿ ಅಂದೆ. ನೆಲದ ಮೇಲಿನ 10 ಎಂಎಲ್ ಅನ್ನು ಒಬ್ಬರು 30 ಅಂದರು. ಮುದ್ದೆಯಾಗಿ ಬಿದ್ದಿದ್ದ ಗಾಜ್‌ಗಳಲ್ಲಿದ್ದ 40 ಎಂಎಲ್ ಅನ್ನು ಎಲ್ಲರೂ 15, 20 ಅಂದರು. ಏನು ಎಲ್ಲಿ ಸುರಿದಿದೆ ಅಂತ ಗೊತ್ತಿರದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಹರಡಿದ್ದು ಜಾಸ್ತಿ ಕಾಣುತ್ತದೆ, ಹೀರಿಕೊಂಡದ್ದು ಕಡಿಮೆ ಕಾಣುತ್ತದೆ. ಆಪರೇಷನ್‌ನಲ್ಲಿ ನಾವು ನೋಡುವುದು ಹೀರಿಕೊಂಡದ್ದನ್ನೇ. ಈಗಲೂ ಹೊಸಬರು ಸೇರಿದಾಗ ಈ ಆಟ ಆಡಿಸುತ್ತೇನೆ.

ಮರುದಿನವೇ ಅಡುಗೆಮನೆಗೆ ಬಳಸುವ ಡಿಜಿಟಲ್ ತಕ್ಕಡಿ ತಂದೆವು, ಒಂದೊಂದು ಗ್ರಾಂ ತೋರಿಸುವಂಥದ್ದು. ಒಂದು ಗ್ರಾಂ ರಕ್ತ ಹೆಚ್ಚು ಕಡಿಮೆ ಒಂದು ಎಂಎಲ್. ರಕ್ತ ನೀರಿಗಿಂತ ಚೂರೇ ಭಾರ, ಆ ವ್ಯತ್ಯಾಸ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಾವು ತರಿಸುವ ಗಾಜ್ 10 ಸೇರಿದರೆ 16 ಗ್ರಾಂ ತೂಗುತ್ತವೆ. ನೆನೆದದ್ದನ್ನು ತೂಗಿ ಒಣ ತೂಕ ಕಳೆದರೆ ಹೋದ ರಕ್ತ ಸಿಕ್ಕಿತು. ಬೇರೆ ಅಳತೆಯ ಗಾಜ್ ಬಂದಾಗ ಮೊದಲು ಒಣ ತೂಕ ಮತ್ತೆ ನೋಡಬೇಕು. ತೂಗಬೇಕಾದ ಗಾಜ್ ಅನ್ನು ಸಲೈನ್‌ನಲ್ಲಿ ಅದ್ದಬಾರದು. ಕರುಳು ಒಣಗದಂತೆ ಮುಚ್ಚಲು ಒದ್ದೆ ಬಟ್ಟೆ ಬೇಕೇ ಬೇಕು, ಆದರೆ ಅದು ಬೇರೆ, ಅದರ ಲೆಕ್ಕ ಇಡುವುದಿಲ್ಲ. ಬಕೆಟ್‌ನ ಬದಲು ಈಗ ಟ್ರೇ. ಐದೈದರ ಸಾಲು. ಎಣಿಕೆ ಸರಿ ಇದ್ದರೆ ಹೊಟ್ಟೆಯೊಳಗೆ ಗಾಜ್ ಬಿಟ್ಟುಹೋಗುವ ಭಯವೂ ಇಲ್ಲ. ತೂಗುವವರು ಸಹಾಯಕರು. ನನ್ನ ಕೈ ರಕ್ತ ನಿಲ್ಲಿಸುವ ಕೆಲಸದಲ್ಲೇ ಇರಬೇಕು. ಲೆಕ್ಕಕ್ಕಾಗಿ ಒಂದು ಕ್ಷಣವೂ ಅದು ತಡವಾಗಬಾರದು.

ಈ ಲೆಕ್ಕವೆಲ್ಲ ಒಟ್ಟಿಗೆ ಕೆಲಸಕ್ಕೆ ಬಂದದ್ದು ಕಳೆದ ಮಳೆಗಾಲದಲ್ಲಿ. ಬಂದರು ದಕ್ಕೆ ಕಡೆಯಿಂದ ಒಂದು ಗಂಡು ಬೆಕ್ಕನ್ನು ತಂದರು. ಬೂತಾಯಿ ಮೀನು ತಿಂದು ಬೆಳೆದ ಗಟ್ಟಿಮುಟ್ಟಾದ 4 ಕಿಲೋದ ಬೆಕ್ಕು. ಸ್ಕೂಟರ್ ಡಿಕ್ಕಿ ಹೊಡೆದಿತ್ತು. ಸ್ಕ್ಯಾನ್‌ನಲ್ಲಿ ಹೊಟ್ಟೆಯೊಳಗೆ ದ್ರವ, ಸೂಜಿ ಹಾಕಿದರೆ ರಕ್ತ. ಇಂಥ ಬೆಕ್ಕುಗಳಿಗೆ ನಾನು ಆತುರಪಟ್ಟು ಹೊಟ್ಟೆ ತೆರೆಯುವುದಿಲ್ಲ. ಪೆಟ್ಟಿನಿಂದ ಆದ ರಕ್ತಸ್ರಾವ ಹೆಚ್ಚಿನ ಸಲ ಡ್ರಿಪ್, ನೋವಿನ ಔಷಧಿ, ವಿಶ್ರಾಂತಿಯಲ್ಲೇ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಎರಡು ಸಲ ಸುಧಾರಿಸಿ ಎರಡು ಸಲ ಕುಸಿಯಿತು. ತೆರೆಯಲೇಬೇಕಾಯಿತು.

ತೆರೆಯುವ ಮೊದಲೇ ರಕ್ತ ಕೊಡುವ ಬೆಕ್ಕಿನ ಮನೆಗೆ ಫೋನ್ ಮಾಡಿದೆ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆಕ್ಕುಗಳಲ್ಲಿ ಮುಖ್ಯವಾಗಿ ಎ, ಬಿ, ಎಬಿ ಅಂತ ಮೂರು ಗುಂಪು. ನಾಯಿಗೆ ಮೊದಲ ಸಲ ರಕ್ತ ಕೊಡುವಾಗ ಗುಂಪು ನೋಡದಿದ್ದರೂ ಸಾಮಾನ್ಯವಾಗಿ ದಾಟಿಹೋಗುತ್ತದೆ. ಬೆಕ್ಕಿಗೆ ಆ ಅವಕಾಶ ಇಲ್ಲ. ಬಿ ಗುಂಪಿನ ಬೆಕ್ಕಿನಲ್ಲಿ ಎ ವಿರುದ್ಧದ ಪ್ರತಿಕಾಯಗಳು ಹುಟ್ಟಿನಿಂದ ಸ್ವಲ್ಪ ಸಮಯದಲ್ಲೇ ತಾವಾಗಿ ಬೆಳೆದಿರುತ್ತವೆ. ಅದಕ್ಕೆ ಎ ರಕ್ತ ಕೆಲವೇ ಎಂಎಲ್ ಹೋದರೂ ಜೀವ ಹೋಗಬಹುದು. ಹಾಗಾಗಿ ಗುಂಪು ನೋಡದೆ ಒಂದು ಹನಿಯೂ ಇಲ್ಲ. ನನ್ನ ಕ್ಲಿನಿಕ್‌ನ ಫ್ರಿಜ್‌ನಲ್ಲಿ ಬೆಕ್ಕಿನ ರಕ್ತ ಇರುವುದಿಲ್ಲ. ಬದಲಿಗೆ ಗುಂಪು ಮೊದಲೇ ನೋಡಿಟ್ಟ, ಲಸಿಕೆ ಆದ, ರೋಗದ ಪರೀಕ್ಷೆ ಮಾಡಿಸಿದ ಮೂರು ಮನೆಬೆಕ್ಕುಗಳ ಪಟ್ಟಿ ಇದೆ. ಹೋದ ರಕ್ತ 20% ದಾಟಿದ ಮೇಲೆ ದಾನಿಯನ್ನು ಹುಡುಕಲು ಹೊರಟರೆ ತಡವಾಯಿತು ಅಂತಲೇ ಅರ್ಥ.

ಬೋರ್ಡ್ ಮೇಲೆ ಬರೆದೆವು. 4 ಕಿಲೋ. 240. 24. 48. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, 33%. ಪ್ರೋಟೀನ್ 6.2. ಡಾಪ್ಲರ್‌ನಲ್ಲಿ ಬಿಪಿ 104. ಬಡಿತ 158. ಉಸಿರಿನ ಕಾರ್ಬನ್ ಡೈಆಕ್ಸೈಡ್ 38. ತಾಪ 36.4.

ಡಾಪ್ಲರ್ ನನಗೆ ತುಂಬಾ ಇಷ್ಟದ ಯಂತ್ರ. ಅಂಗಾಲಿನ ಮೇಲ್ಭಾಗದ ಕೂದಲು ತೆಗೆದು ಜೆಲ್ ಹಚ್ಚಿ ಪ್ರೋಬ್ ಅಂಟಿಸಿಬಿಟ್ಟರೆ ಪ್ರತಿ ಬಡಿತದ ಸದ್ದೂ ಕೇಳುತ್ತದೆ. ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಓಡುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಅದು ಸಣ್ಣ ಮಾತಲ್ಲ. ಕಾಲಿನ ಸುತ್ತಳತೆಯ 30ರಿಂದ 40% ಅಗಲದ ಕಫ್, ಅಂದರೆ ಬಿಪಿ ನೋಡಲು ಕಾಲಿಗೆ ಸುತ್ತುವ ಪಟ್ಟಿ, ಹಾಕಬೇಕು. ಕಿರಿದಾದರೆ ಬಿಪಿ ಹೆಚ್ಚು ತೋರಿಸುತ್ತದೆ, ಅಗಲವಾದರೆ ಕಡಿಮೆ. ಬೆಕ್ಕಿನಲ್ಲಿ ಡಾಪ್ಲರ್ ಸಾಮಾನ್ಯವಾಗಿ ನಿಜವಾದ ಸಿಸ್ಟಾಲಿಕ್‌ಗಿಂತ, ಅಂದರೆ ಬಿಪಿಯ ಮೇಲಿನ ಸಂಖ್ಯೆಗಿಂತ, ಕಡಿಮೆಯನ್ನೇ ತೋರಿಸುತ್ತದೆ. ಅದಕ್ಕೇ ಒಂದು ಸಂಖ್ಯೆಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಐದೈದು ನಿಮಿಷಕ್ಕೆ ಯಾವ ಕಡೆ ಹೋಗುತ್ತಿದೆ ಅಂತ ನೋಡುತ್ತೇನೆ. ಮತ್ತೆ ಆ ಸದ್ದು. ಚೆನ್ನಾಗಿದ್ದಾಗ ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ ತುಂಬಿಕೊಂಡು ಕೇಳುತ್ತದೆ. ರಕ್ತ ಕಡಿಮೆಯಾಗುತ್ತಾ ಬಂದರೆ ಒಣಗಿದ ತೆಂಗಿನ ಗರಿಯನ್ನು ಅಂಗಳದಲ್ಲಿ ಎಳೆದ ಹಾಗೆ ತೆಳ್ಳಗಾಗುತ್ತದೆ. ಸಂಖ್ಯೆ ಇಳಿಯುವ ಮೊದಲೇ ಕಿವಿಗೆ ಗೊತ್ತಾಗುತ್ತದೆ.

ಹೊಟ್ಟೆ ತೆರೆದಾಗ ರಕ್ತ ಉಕ್ಕಿ ಬಂತು. ಪಿತ್ತಜನಕಾಂಗದ ಒಂದು ಹಾಲೆ ಸೀಳಿತ್ತು. ರಕ್ತ ಹೀರುವ ಸಕ್ಷನ್ ಹಾಕಿದೆವು, ಗಾಜ್ ಒತ್ತಿದೆವು. ಅಷ್ಟರಲ್ಲಿ ಡಾಪ್ಲರ್‌ನ ಸದ್ದು ತೆಳ್ಳಗಾಯಿತು. ಬಿಪಿ 72.

ಇಲ್ಲಿ ಎಲ್ಲರೂ ಸಿಕ್ಕಿಕೊಳ್ಳುವ ಪ್ರಶ್ನೆ ಬರುತ್ತದೆ. ಬಿಪಿ ಇಳಿದದ್ದು ರಕ್ತ ಹೋಗಿಯೋ, ಅರಿವಳಿಕೆಯ ಗ್ಯಾಸ್ ಜಾಸ್ತಿಯಾಗಿಯೋ? ಐಸೋಫ್ಲೂರೇನ್ ಅನ್ನುವ ಈ ಗ್ಯಾಸ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಎಷ್ಟು ಕೊಡುತ್ತೀರೋ ಅಷ್ಟು ಬಿಪಿ ಇಳಿಯುತ್ತದೆ. ರಕ್ತ ಒಂದು ಹನಿ ಹೋಗದ ಬೆಕ್ಕಿನಲ್ಲೂ 70 ನೋಡಿದ್ದೇನೆ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಲೆಕ್ಕ ಹೀಗೆ. ಬಡಿತ ಮತ್ತು ಬಿಪಿ ಎರಡೂ ಏರಿದರೆ ನೋವು ಅಥವಾ ನಿದ್ದೆ ಹಗುರವಾಗಿದೆ. ಬಿಪಿ ಇಳಿದು ಬಡಿತ ಇದ್ದಲ್ಲೇ ಇದ್ದು, ದವಡೆ ಪೂರ್ತಿ ಸಡಿಲವಾಗಿ, ಕಣ್ಣುಗುಡ್ಡೆ ನೇರ ನಿಂತಿದ್ದರೆ ಗ್ಯಾಸ್ ಹೆಚ್ಚಾಗಿರಬಹುದು. ಬಿಪಿ ಇಳಿದು ಬಡಿತ ಏರುತ್ತಿದ್ದರೆ ರಕ್ತ. ಬಿಪಿ, ಬಡಿತ, ತಾಪ ಮೂರೂ ಇಳಿಯುತ್ತಿದ್ದರೆ ರಕ್ತ ಬಹಳ ಹೋಗಿದೆ, ಬೆಕ್ಕು ಕೈ ಮೀರುತ್ತಿದೆ.

ಮೊದಲು ಗ್ಯಾಸ್ ಇಳಿಸಿದೆ, 1.75%ರಿಂದ 1.25%ಕ್ಕೆ. ನೋವು ಗೊತ್ತಾಗದಂತೆ ಫೆಂಟನಿಲ್ ಹೋಗುತ್ತಿತ್ತು. ನಾಲ್ಕು ನಿಮಿಷ ಕಾದೆವು. 74. ಗ್ಯಾಸ್‌ನಿಂದ ಆಗಿದ್ದರೆ ಇಷ್ಟು ಹೊತ್ತಿಗೆ ಸ್ವಲ್ಪವಾದರೂ ಏರಬೇಕಿತ್ತು. ಬಡಿತ 172ಕ್ಕೆ ಹೋಯಿತು. ಉಸಿರಾಟ ನಾವು ಕೊಡುತ್ತಿದ್ದದ್ದು ಹಾಗೇ ಇತ್ತು, ಆದರೂ ಕಾರ್ಬನ್ ಡೈಆಕ್ಸೈಡ್ 38ರಿಂದ 27ಕ್ಕೆ ಇಳಿಯಿತು. ಈ ಇಳಿತವನ್ನು ಸುಮ್ನೆ ಬಿಡಬಾರದು. ಉಸಿರು ಬದಲಾಗದೆ ಆ ಸಂಖ್ಯೆ ಇಳಿಯಿತು ಅಂದರೆ ಶ್ವಾಸಕೋಶಕ್ಕೆ ಬರುವ ರಕ್ತವೇ ಕಡಿಮೆಯಾಗಿದೆ ಅಂತ. ಉಸಿರಿನ ಟ್ಯೂಬ್ ಬಿಟ್ಟುಕೊಂಡಿದೆಯಾ ಅಂತ ಒಮ್ಮೆ ನೋಡಿ, ಇಲ್ಲದಿದ್ದರೆ ಹೃದಯದ ಕಡೆ ಗಮನ ಕೊಡಬೇಕು.

20 ಎಂಎಲ್ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಅನ್ನು ಹತ್ತು ನಿಮಿಷದಲ್ಲಿ ಕೊಟ್ಟೆವು. ಕಿಲೋಗೆ 5 ಎಂಎಲ್. ಬಿಪಿ 88ಕ್ಕೆ ಏರಿತು. ಸಹಾಯಕಿಯ ಮುಖ ಅರಳಿತು. ಮುಂದಿನ ಹತ್ತು ನಿಮಿಷದಲ್ಲಿ ಮತ್ತೆ 70. ಈ ಏರಿ ಇಳಿಯುವುದೇ ನನಗೆ ದೊಡ್ಡ ಸುಳಿವು. ಏರಿ ನಿಂತರೆ ಹೋದದ್ದು ತುಂಬಿತು. ಏರಿ ಜಾರಿದರೆ ಇನ್ನೂ ಹೋಗುತ್ತಿದೆ, ಇಲ್ಲವೇ ಹೋದದ್ದಕ್ಕೆ ನೀರು ಸಾಲುತ್ತಿಲ್ಲ. ಹಾಗಂತ ಡ್ರಿಪ್ ಮೇಲೆ ಡ್ರಿಪ್ ಸುರಿಯುವ ಹಾಗಿಲ್ಲ. ಬೆಕ್ಕಿನ ಶ್ವಾಸಕೋಶದಲ್ಲಿ ಬೇಗ ನೀರು ತುಂಬುತ್ತದೆ. ಹೊರಗೆ ಏನೂ ತೋರಿಸದ ಹೃದಯದ ಕಾಯಿಲೆ ಬೆಕ್ಕುಗಳಲ್ಲಿ ಅಪರೂಪ ಏನಲ್ಲ.

ಟ್ರೇಯಲ್ಲಿ 5 ಗಾಜ್. 32 ಗ್ರಾಂ, ಒಣ ತೂಕ 8 ಕಳೆದರೆ 24. ಅಂದರೆ 10% ಗಾಜ್‌ನಲ್ಲೇ ಇತ್ತು.

ಸಕ್ಷನ್ ಜಾರ್‌ನದ್ದು ಬೇರೆ ಕಥೆ. ನಾವು ಹೊಟ್ಟೆಗೆ 300 ಎಂಎಲ್ ಬೆಚ್ಚಗಿನ ಸಲೈನ್ ಹಾಕಿ ತೊಳೆದಿದ್ದೆವು. ಜಾರ್‌ನಲ್ಲಿ 310 ಇತ್ತು. ಹತ್ತೇ ಎಂಎಲ್ ರಕ್ತ ಅಂದಳು ಸಹಾಯಕಿ. ಹಿಂದೆ ನಾನೂ ಹಾಗೇ ಕಳೆಯುತ್ತಿದ್ದೆ. ಆದರೆ ಹಾಕಿದ ಸಲೈನ್ ಪೂರ್ತಿ ವಾಪಸ್ ಬರುವುದಿಲ್ಲ. ಕರುಳಿನ ಮಡಿಕೆಯಲ್ಲಿ, ಡ್ರೇಪ್‌ನಲ್ಲಿ ಎಷ್ಟೋ ಉಳಿದಿರುತ್ತದೆ. ಅದಕ್ಕೆ ಜಾರ್‌ನ ನೀರನ್ನು ಚೆನ್ನಾಗಿ ಕಲಕಿ ಒಂದು ಸಣ್ಣ ಗಾಜಿನ ನಳಿಕೆಗೆ ತೆಗೆದು, ರಕ್ತದ ಪಿಸಿವಿ ನೋಡುವ ಹಾಗೇ ಐದು ನಿಮಿಷ ಯಂತ್ರದಲ್ಲಿ ತಿರುಗಿಸಬೇಕು. ತಳದಲ್ಲಿ ಕೆಂಪು ಗೆರೆ ಕೂತಿತ್ತು, 4%. ಈಗ ಲೆಕ್ಕ. 310 ಅನ್ನು 4ರಿಂದ ಗುಣಿಸಿ, ಬೆಕ್ಕಿನ ಮೊದಲಿನ ಪಿಸಿವಿ 33ರಿಂದ ಭಾಗಿಸಿದರೆ 37 ಚಿಲ್ಲರೆ. ಹತ್ತಲ್ಲ, 37 ಎಂಎಲ್! ಹೆಪ್ಪುಗಟ್ಟಿದ ರಕ್ತ ಇದರಲ್ಲಿ ಬರುವುದಿಲ್ಲ, ಹಾಗಾಗಿ ನಿಜ ಇನ್ನೂ ಸ್ವಲ್ಪ ಜಾಸ್ತಿಯೇ ಇರಬೇಕು. 24 ಮತ್ತು 37 ಸೇರಿ 61. ಬೋರ್ಡ್ ಮೇಲಿನ 240ರಲ್ಲಿ ಕಾಲು ಭಾಗ.

ಅದೇ ಹೊತ್ತಿಗೆ ಬೆಕ್ಕಿನ ರಕ್ತ ತೆಗೆದು ನೋಡಿದೆವು. ಪಿಸಿವಿ 22, ಪ್ರೋಟೀನ್ 4.4. ಈ ಎರಡನ್ನೂ ಜೊತೆಯಲ್ಲೇ ನೋಡಬೇಕು. ರಕ್ತ ಹೋದ ತಕ್ಷಣ ಪಿಸಿವಿ ಇಳಿಯುವುದಿಲ್ಲ. ಕಣವೂ ನೀರೂ ಒಟ್ಟಿಗೇ ಹೋಗಿರುತ್ತವಲ್ಲ, ಉಳಿದ ರಕ್ತದಲ್ಲಿ ಪಾಲು ಅಷ್ಟೇ ಇರುತ್ತದೆ. ಒಳಗಿನ ನೀರು ನಾಳಕ್ಕೆ ಎಳೆದುಕೊಂಡ ಮೇಲೆ, ಅಥವಾ ನಾವು ಡ್ರಿಪ್ ಕೊಟ್ಟ ಮೇಲೆ ಇಳಿಯುತ್ತದೆ. ಅರಿವಳಿಕೆಯಲ್ಲಿ ಗುಲ್ಮ ಸಡಿಲಗೊಂಡು ಕಣಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಹೋಗದಿದ್ದರೂ ಪಿಸಿವಿ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಪಿಸಿವಿ ಸರಿ ಇದೆ ಅಂತ ಮೊದಲ ಹತ್ತು ನಿಮಿಷದಲ್ಲಿ ಹೇಳಿದರೆ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ರಕ್ತ ಕೊಡೋಣ ಅಂದೆ. ಕದ್ರಿಯಿಂದ ಬಂದಿದ್ದ 5.2 ಕಿಲೋದ ದಾನಿ ಪಕ್ಕದ ಕೋಣೆಯಲ್ಲಿ ಹಗುರ ಮಂಪರಿನಲ್ಲಿ ಕಾಯುತ್ತಿತ್ತು. ಎರಡೂ ಎ ಗುಂಪು. ಸ್ಲೈಡ್ ಮೇಲೆ ಎರಡರ ರಕ್ತ ಸೇರಿಸಿಯೂ ನೋಡಿದ್ದೆವು, ಗಂಟುಕಟ್ಟಲಿಲ್ಲ. ಕಿಲೋಗೆ 10 ಎಂಎಲ್ ಲೆಕ್ಕದಲ್ಲಿ 50 ಎಂಎಲ್ ತೆಗೆದೆವು, 7 ಎಂಎಲ್ ಹೆಪ್ಪುತಡೆ ದ್ರವ ತುಂಬಿದ ಸಿರಿಂಜ್‌ಗೆ. ಫಿಲ್ಟರ್ ಹಾಕಿ ಕೊಡಲು ಶುರುಮಾಡಿದೆವು. ಆ ಲೈನ್‌ನಲ್ಲಿದ್ದ ರಿಂಗರ್ ಲ್ಯಾಕ್ಟೇಟ್ ತೆಗೆದು ಸಲೈನ್ ಹಾಕಿದ್ದೆವು. ರಿಂಗರ್‌ನಲ್ಲಿ ಕ್ಯಾಲ್ಸಿಯಂ ಇದೆ, ರಕ್ತದ ಜೊತೆ ಸೇರಿದರೆ ನಳಿಕೆಯಲ್ಲೇ ಹೆಪ್ಪುಗಟ್ಟಬಹುದು. ಈ ನಡುವೆ ಸೀಳಿದ ಹಾಲೆಯನ್ನು ಕಟ್ಟಿ ತೆಗೆದೆ. ಬಡಿತ 128ಕ್ಕೆ ಇಳಿದಿತ್ತು, ತಾಪ 35.1. ಆ ಐದು ನಿಮಿಷ ನನಗೆ ಪುಚ್ಚೆಯದ್ದೇ ನೆನಪು. ಅವತ್ತು ಇದೇ ಜಾಗದಲ್ಲಿ ನಿದ್ದೆ ಚೆನ್ನಾಗಿ ಹಿಡಿದಿದೆ ಅಂದುಕೊಂಡಿದ್ದೆ. ಬಿಸಿಗಾಳಿಯ ಹೊದಿಕೆ ಜೋರು ಮಾಡಿಸಿದೆ. ಗ್ಯಾಸ್ ಇನ್ನೂ ಇಳಿಸಿದೆ. ತಣ್ಣಗಾದ ಬೆಕ್ಕಿನ ರಕ್ತನಾಳಗಳು ನಾವು ಕೊಟ್ಟದ್ದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ನಿದ್ದೆಗೂ ಕಡಿಮೆ ಗ್ಯಾಸ್ ಸಾಕಾಗುತ್ತದೆ.

ಅರ್ಧ ರಕ್ತ ಹೋಗುವಷ್ಟರಲ್ಲಿ ಡಾಪ್ಲರ್‌ನ ಸದ್ದು ಮತ್ತೆ ತುಂಬಿಕೊಂಡಿತು. ಸಂಖ್ಯೆ ನೋಡುವ ಮೊದಲೇ ನಾನೂ ಸಹಾಯಕಿಯೂ ಮುಖ ಮುಖ ನೋಡಿಕೊಂಡೆವು. 94. ಕಾರ್ಬನ್ ಡೈಆಕ್ಸೈಡ್ 35. ಬಡಿತ 150. ಈ ಸಲ ಏರಿದ್ದು ಏರಿದಲ್ಲೇ ನಿಂತಿತು.

ಕಿಲೋಗೆ 2 ಎಂಎಲ್ ರಕ್ತ ಕೊಟ್ಟರೆ ಪಿಸಿವಿ ಸುಮಾರು 1% ಏರುತ್ತದೆ. 50 ಎಂಎಲ್‌ಗೆ ಆರು ಏರಬೇಕು. ಸಂಜೆ ನೋಡಿದಾಗ 28. ಮರುದಿನ ಬೆಳಿಗ್ಗೆ 27. ಕದ್ರಿಯ ದಾನಿ ಅಂದೇ ಸಂಜೆ ಮನೆಗೆ ಹೋಗಿ ಎರಡು ಬಂಗುಡೆ ತಿಂದಿತಂತೆ. ದಕ್ಕೆಯ ಬೆಕ್ಕು ಮೂರನೇ ದಿನ ಬೂತಾಯಿಯ ತುಂಡನ್ನು ಮೂಸಿ, ಸ್ವಲ್ಪ ಯೋಚಿಸಿ, ಬಾಯಿಗೆ ಹಾಕಿಕೊಂಡಿತು. ಬೋರ್ಡ್ ಮೇಲಿನ 240 ಅನ್ನು ಆಮೇಲೆ ಒರೆಸಿದೆವು. ಮುಂದಿನ ಬೆಕ್ಕು 2.8 ಕಿಲೋ ಇತ್ತು.